ಗೆದ್ದವರಿಗೆ ಓದೋಕೆ ಬರುತ್ತಾ? ಆಟದಿಂದ ಕಲಿಕೆ ಅಳೆಯಲು ಹೋಗಿ ನಾನು ಕಲಿತದ್ದು

(ನಾಗ್ಪುರದಿಂದ ಮಾಡಿದ ವಿಡಿಯೋ ಮಾತಿನ ಬರಹ ರೂಪ ಇದು. ಮಾತಿನ ಧಾಟಿಯನ್ನು ಆದಷ್ಟು ಹಾಗೆಯೇ ಉಳಿಸಿಕೊಂಡಿದ್ದೇವೆ. ಸ್ಲೈಡ್‌ನಲ್ಲಿ ತೋರಿಸಿದ ಲೆಕ್ಕಗಳನ್ನು ಬಿಡಿಸಿ ಬರೆದಿದ್ದೇವೆ.)

ನಾನು ಸಾಫ್ಟ್‌ವೇರ್ ಇಂಜಿನಿಯರ್. ಊರು ಹುಣಸೂರು. ಎಂ.ಟೆಕ್ ಮಾಡೋಕೆ ಅಂತ ನಾಗ್ಪುರದ ವಿಎನ್‌ಐಟಿಗೆ ಬಂದೆ, ಆಮೇಲೆ ಮಿಹಾನ್ ಕಡೆ ಕೆಲಸ ಸಿಕ್ಕಿ ಇಲ್ಲೇ ಉಳಿದುಬಿಟ್ಟೆ. ವಿಎನ್‌ಐಟಿ ಅಂದ್ರೆ ವಿಶ್ವೇಶ್ವರಯ್ಯನವರ ಹೆಸರಿನ ಸಂಸ್ಥೆ, 1960ರಲ್ಲಿ ಶುರುವಾದದ್ದು. ಗೊತ್ತಿಲ್ಲದ ಊರಿನಲ್ಲಿ ನಮ್ಮ ಮುದ್ದೇನಹಳ್ಳಿಯವರ ಹೆಸರು ನೋಡಿ ಮೊದಲ ದಿನ ಸ್ವಲ್ಪ ಧೈರ್ಯ ಬಂದಿತ್ತು.

ಇವತ್ತಿನ ವಿಷಯ: ತರಗತಿಯಲ್ಲಿ ಆಟ ಆಡಿಸಿ ಮಕ್ಕಳು ಎಷ್ಟು ಕಲಿತಿದ್ದಾರೆ ಅಂತ ಅಳೆಯಬಹುದಾ? ಅಳೆಯಬಹುದು. ಆದರೆ ನಾನು ಮೊದಲ ಸಲ ಅಳೆದಾಗ ಪೂರ್ತಿ ತಲೆಕೆಳಗಾಗಿ ಅಳೆದೆ. ಚೆನ್ನಾಗಿ ಓದುವ ಹುಡುಗನನ್ನು ಕೊನೆಗೆ ಹಾಕಿದೆ, ಓದಲು ಬಾರದ ನನ್ನ ಮಗಳನ್ನೇ ಮೊದಲು ನಿಲ್ಲಿಸಿದೆ. ಆ ಕಥೆ ಹೇಳ್ತೀನಿ, ಅದರ ಹಿಂದಿನ ಲೆಕ್ಕಾನೂ ಹೇಳ್ತೀನಿ. ಹೊರ ರಾಜ್ಯದಲ್ಲೋ ಹೊರ ದೇಶದಲ್ಲೋ ಕೂತು ಮಕ್ಕಳಿಗೆ ಕನ್ನಡ ಕಲಿಸ್ತಿರೋ ನಮ್ಮಂಥವರಿಗೆ ಉಪಯೋಗಕ್ಕೆ ಬರಬಹುದು.

ಭಾನುವಾರದ ಕ್ಲಾಸು

ನಮ್ಮ ಅಪಾರ್ಟ್‌ಮೆಂಟಿನ ಹಾಲ್‌ನಲ್ಲಿ ಭಾನುವಾರ ಬೆಳಗ್ಗೆ ಒಂದು ಕನ್ನಡ ಕ್ಲಾಸು ನಡೆಸ್ತೀವಿ. 14 ಮಕ್ಕಳು, 7ರಿಂದ 10 ವರ್ಷದವರು. ತರ್ರಿ ಪೋಹಾ ತಿಂದ್ಕೊಂಡು ಬರ್ತಾರೆ, ಒಂದೂವರೆ ಗಂಟೆ ಇರ್ತಾರೆ. ಶಾಲೆಯಲ್ಲಿ ಇಂಗ್ಲಿಷ್ ಮಾಧ್ಯಮ, ಜೊತೆಗೆ ಹಿಂದಿ. 2020ರ ಕಾಯ್ದೆ ಬಂದ ಮೇಲೆ ಮಹಾರಾಷ್ಟ್ರದ ಎಲ್ಲ ಶಾಲೆಗಳಲ್ಲೂ ಮರಾಠಿ ಕಡ್ಡಾಯ. ಹಾಗಾಗಿ ನಮ್ಮ ಮಕ್ಕಳಿಗೆ ದೇವನಾಗರಿ ಚೆನ್ನಾಗಿ ಬರುತ್ತೆ. ಮನೆಯಲ್ಲಿ ಕನ್ನಡ ಮಾತಾಡ್ತಾರೆ, ಓದೋಕೆ ಬರಲ್ಲ. ನಿಮ್ಮಲ್ಲಿ ಬಹಳ ಮನೆಗಳಲ್ಲಿ ಇದೇ ಕಥೆ ಇರುತ್ತೆ ಅಲ್ವಾ?

ಆರು ತಿಂಗಳು ಅಕ್ಷರ, ಕಾಗುಣಿತ ಎಲ್ಲ ಹೇಳಿಕೊಟ್ಟ ಮೇಲೆ ಯಾರಿಗೆ ಎಷ್ಟು ಬಂದಿದೆ ಅಂತ ತಿಳ್ಕೊಳ್ಳಬೇಕಿತ್ತು. ಪರೀಕ್ಷೆ ಅಂದ್ರೆ ಮಕ್ಕಳು ಮುಂದಿನ ವಾರದಿಂದ ಬರೋದೇ ಇಲ್ಲ. ಶಾಲೆಯಲ್ಲೇ ಸಾಕಷ್ಟು ಆಗಿರುತ್ತೆ. ಅದಕ್ಕೆ ಒಂದು ಕ್ವಿಜ್ ಆಟ ಬರೆದೆ. ಎರಡು ವಾರಾಂತ್ಯದ ಕೆಲಸ. ಟಿವಿ ಪರದೆ ಮೇಲೆ ಒಂದು ಚಿತ್ರ ಬರುತ್ತೆ, ಕೆಳಗೆ ನಾಲ್ಕು ಕನ್ನಡ ಪದಗಳು. ಪ್ರತಿ ಮಗುವಿನ ಕೈಯಲ್ಲಿ ಅಪ್ಪನದೋ ಅಮ್ಮನದೋ ಫೋನು. ಸರಿಯಾದ ಪದ ಒತ್ತಬೇಕು. 20 ಸೆಕೆಂಡ್ ಟೈಮ್. ಬೇಗ ಒತ್ತಿದಷ್ಟೂ ಹೆಚ್ಚು ಅಂಕ: ಎಷ್ಟು ಸೆಕೆಂಡ್ ಉಳಿದಿದೆಯೋ ಅಷ್ಟು. ತಪ್ಪಾದರೆ ಸೊನ್ನೆ. ಪ್ರತಿ ಪ್ರಶ್ನೆ ಆದಮೇಲೆ ಯಾರು ಮುಂದೆ, ಯಾರು ಹಿಂದೆ ಅಂತ ಹೆಸರಿನ ಪಟ್ಟಿ. ನಾರ್ವೆಯಲ್ಲಿ 2013ರಲ್ಲಿ ಬಂದ ಕಾಹೂಟ್, ನಮ್ಮ ಬೆಂಗಳೂರಲ್ಲೇ 2015ರಲ್ಲಿ ಶುರುವಾದ ಕ್ವಿಜ಼ಿಜ಼್, ಇವನ್ನೆಲ್ಲ ನೋಡಿದ್ದೆ. ಅದೇ ಜಾತಿಯದು, ಕನ್ನಡಕ್ಕೆ ಅಂತ ನಾನೇ ಮಾಡ್ಕೊಂಡೆ.

ಹಾಲ್ ಪೂರ್ತಿ ಕಿರುಚಾಟ. ಇನ್ನೊಂದು ರೌಂಡ್ ಅಂಕಲ್, ಇನ್ನೊಂದು ರೌಂಡ್! ಅಪ್ಪ ಅಮ್ಮಂದಿರು ವಿಡಿಯೋ ತೆಗೆದು ಊರಿಗೆ ಕಳಿಸಿದ್ರು. ಮೂರು ವಾರ ಆಡಿಸಿದೆ. ಮೂರು ವಾರವೂ ನನ್ನ ಮಗಳೇ ಮೊದಲು. 20ಕ್ಕೆ 18 ಸರಿ. ನಾನು ತುಂಬಾ ಹೆಮ್ಮೆಯಿಂದ ಅಮ್ಮನಿಗೆ ಫೋನ್ ಮಾಡಿ ಹೇಳಿದೆ, ನಿಮ್ಮ ಮೊಮ್ಮಗಳು ಈಗ ಕನ್ನಡ ಓದ್ತಾಳೆ ಅಂತ.

ಅಜ್ಜಿಯ ಕಾಗದ

ನಮ್ಮಮ್ಮ ಸರ್ಕಾರಿ ಪ್ರಾಥಮಿಕ ಶಾಲೆಯ ಟೀಚರ್ ಆಗಿದ್ದವರು. ಈಗ ನಿವೃತ್ತಿ. ಮೊಮ್ಮಗಳು ಓದ್ತಾಳೆ ಅಂದಿದ್ದಕ್ಕೆ ಅವರು ಖುಷಿಯಲ್ಲಿ ಒಂದು ಕಾಗದ ಬರೆದು ಅಂಚೆಗೆ ಹಾಕಿದರು. ದುಂಡಕ್ಷರ, ನಾಲ್ಕೇ ಸಾಲು. ಮೊದಲ ಸಾಲು: "ನಮ್ಮ ಬೆಕ್ಕು ಮೂರು ಮರಿ ಹಾಕಿದೆ."

ಮಗಳು ಕಾಗದ ಹಿಡಿದು ಓದಿದಳು. "ನಮ್ಮ... ಬೇಗ... ಮೂರು..." ಅಲ್ಲಿ ನಿಂತಳು. ನನ್ನ ಮುಖ ನೋಡಿದಳು. ಆಮೇಲೆ, "ಅಜ್ಜಿ ಬೇಗ ಬರ್ತಾರಂತೆ, ಮೂರು ದಿನಕ್ಕೆ" ಅಂದಳು.

ನಾನು ಏನೂ ಹೇಳಲಿಲ್ಲ. ಅವತ್ತು ರಾತ್ರಿ ಲ್ಯಾಪ್‌ಟಾಪ್ ತೆಗೆದು ಆಟದ ಲಾಗ್ ನೋಡ್ತಾ ಕೂತೆ. ಪ್ರೊಡಕ್ಷನ್‌ನಲ್ಲಿ ಬಗ್ ಬಂದಾಗ ನಾವೆಲ್ಲ ಮಾಡೋದು ಅದೇ ತಾನೇ.

ಲಾಗ್ ಹೇಳಿದ ಮೂರು ತಪ್ಪುಗಳು

ಮೊದಲನೇದು. ಮಗಳು ಬಹುತೇಕ ಪ್ರಶ್ನೆಗಳಿಗೆ 2 ಸೆಕೆಂಡಿನಲ್ಲಿ ಉತ್ತರ ಒತ್ತಿದ್ದಳು. ಆಗತಾನೇ ಓದಲು ಕಲಿಯುತ್ತಿರುವ 8 ವರ್ಷದ ಮಗು 2 ಸೆಕೆಂಡಿನಲ್ಲಿ ನಾಲ್ಕು ಪದ ಓದೋಕೆ ಸಾಧ್ಯವೇ ಇಲ್ಲ. ಹಾಗಾದ್ರೆ ಹೇಗೆ ಸರಿಯಾಯ್ತು? ಮರದ ಚಿತ್ರ ಇದ್ದಾಗ ನಾನು ಕೊಟ್ಟ ಆಯ್ಕೆಗಳು: ಮರ, ಕಿಟಕಿ, ಬಾವಿ, ಹಲಗೆ. ಪಟ್ಟಿಯಿಂದ ರ್‍ಯಾಂಡಮ್ ಆಗಿ ಎತ್ತಿಕೊಂಡ ಪದಗಳು. ಇಲ್ಲಿ 'ಮ' ಒಂದು ಗೊತ್ತಿದ್ದರೆ ಸಾಕು, ಓದಬೇಕಾಗಿಯೇ ಇಲ್ಲ. ಮೊದಲ ಅಕ್ಷರ ನೋಡು, ಒತ್ತು. ಆಟ ಅವಳಿಗೆ ಮೂರು ವಾರ ಕಲಿಸಿದ್ದೂ ಅದನ್ನೇ. ಅದಕ್ಕೇ ಕಾಗದದಲ್ಲಿ 'ಬೆ' ಕಂಡ ಕೂಡಲೇ 'ಬೇಗ' ಅಂದಳು. ಅವಳು ಮೋಸ ಮಾಡಿರಲಿಲ್ಲ, ನನ್ನ ಆಟ ಏನು ಕೇಳಿತ್ತೋ ಅದನ್ನು ಕೊಟ್ಟಿದ್ದಳು.

ಎರಡನೇದು, ಅಂಕದ ಸೂತ್ರ. ಈ ಲೆಕ್ಕ ನೋಡಿ. ಒಂದು ಮಗು ಪ್ರಶ್ನೆ ಬಂದ ಕೂಡಲೇ ಕಣ್ಣುಮುಚ್ಚಿ ಒತ್ತುತ್ತೆ ಅಂದ್ಕೊಳ್ಳಿ. ನಾಲ್ಕರಲ್ಲಿ ಒಂದು ಸಲ ಸರಿಯಾಗುತ್ತೆ, ಆಗ 20 ಅಂಕ. ಅಂದ್ರೆ ಸರಾಸರಿ ಪ್ರತಿ ಪ್ರಶ್ನೆಗೆ 5 ಅಂಕ. ಇನ್ನೊಂದು ಮಗು ನಾಲ್ಕೂ ಪದಗಳನ್ನು ಅಕ್ಷರ ಕೂಡಿಸಿ ಓದಿ, 16 ಸೆಕೆಂಡಿಗೆ ಸರಿ ಉತ್ತರ ಒತ್ತುತ್ತೆ. ಅದಕ್ಕೆ ಸಿಗೋದು 4 ಅಂಕ. ಕಣ್ಣುಮುಚ್ಚಿ ಒತ್ತಿದರೆ 5, ಓದಿ ಒತ್ತಿದರೆ 4! ಓದಬೇಡ ಅಂತ ಹೇಳುವ ಆಟವನ್ನು ಓದಲು ಕಲಿಸುವ ಕ್ಲಾಸಿಗೆ ನಾನೇ ಬರೆದು ಕೊಟ್ಟಿದ್ದೆ.

ಮೂರನೇದು ಹೇಳೋಕೆ ನಾಚಿಕೆ ಆಗುತ್ತೆ. ಟೈಮ್ ಮುಗಿದು ಉತ್ತರವೇ ಕೊಡದಿದ್ದರೆ ಅದನ್ನೂ ನಾನು 'ತಪ್ಪು' ಅಂತಲೇ ಸೇವ್ ಮಾಡಿದ್ದೆ. ನಲ್ ಅನ್ನು ಫಾಲ್ಸ್ ಅಂತ ಬರೆದಿದ್ದೆ. ಕೋಡ್ ರಿವ್ಯೂನಲ್ಲಿ ಬೇರೆಯವರು ಹಾಗೆ ಮಾಡಿದ್ರೆ ನಾನೇ ಕಾಮೆಂಟ್ ಹಾಕ್ತಿದ್ದೆ.

ಟೈಮ್‌ಸ್ಟ್ಯಾಂಪ್ ನೋಡಿ ಎರಡನ್ನೂ ಬೇರ್ಪಡಿಸಿದಾಗ ಪಟ್ಟಿಯ ಕೊನೆಯಲ್ಲಿದ್ದ ಒಬ್ಬ ಹುಡುಗ ಕಣ್ಣಿಗೆ ಬಿದ್ದ. ವಿಜಯಪುರ ಜಿಲ್ಲೆಯವರ ಮಗ, 9 ವರ್ಷ. ಡ್ಯಾಶ್‌ಬೋರ್ಡ್ ಪ್ರಕಾರ 20ಕ್ಕೆ 13, ಅಂದ್ರೆ 65 ಪರ್ಸೆಂಟ್, ಅಂಕದಲ್ಲಿ ಎಲ್ಲರಿಗಿಂತ ಕೆಳಗೆ. ಆದರೆ ಅವನು ಉತ್ತರ ಕೊಟ್ಟಿದ್ದೇ 13 ಪ್ರಶ್ನೆಗೆ. ಹದಿಮೂರಕ್ಕೆ ಹದಿಮೂರೂ ಸರಿ. ಉಳಿದ ಏಳಕ್ಕೆ ಟೈಮ್ ಸಾಕಾಗಿಲ್ಲ. ಆ ಹಾಲ್‌ನಲ್ಲಿ ನಿಜವಾಗಿ ಓದುತ್ತಿದ್ದವನು ಅವನೊಬ್ಬನೇ ಇದ್ದಿರಬೇಕು.

ಅವನು ಎರಡು ವಾರದಿಂದ ಕ್ಲಾಸಿಗೆ ಬಂದಿರಲಿಲ್ಲ. ಅವರಮ್ಮನಿಗೆ ಫೋನ್ ಮಾಡಿದೆ. "ಅವ ಒಲ್ಲೆ ಅಂತಾನ್ರಿ ಅಣ್ಣಾರ. ನನಗ ಓದಾಕ ಬರಂಗಿಲ್ಲಂತ ಟಿವ್ಯಾಗ ಎಲ್ಲಾರ ಮುಂದ ತೋರಸ್ತಾರ ಅಂತಾನ" ಅಂದರು.

ಆ ಮಾತು ಇವತ್ತಿಗೂ ಚುಚ್ಚುತ್ತೆ.

ಆಟ ಯಾವಾಗ ಅಳತೆಯಾಗುತ್ತೆ?

ಹಾಗಾದ್ರೆ ಆಟದಿಂದ ಅಳೆಯೋದೇ ತಪ್ಪಾ? ಅಲ್ಲ. ಇದರ ಬಗ್ಗೆ ಗಂಭೀರವಾಗಿ ಕೆಲಸ ಮಾಡಿದವರಿದ್ದಾರೆ. ಅಮೆರಿಕದ ರಾಬರ್ಟ್ ಮಿಸ್ಲೆವಿ ಮತ್ತು ಸಂಗಡಿಗರು ಮೌಲ್ಯಮಾಪನವನ್ನು ಕೋರ್ಟಿನ ವಾದದ ಹಾಗೆ ನೋಡಿದರು. ಮೊದಲು ಮೂರು ಪ್ರಶ್ನೆ ಕೇಳ್ಕೊಳ್ಳಬೇಕು. ಮಗುವಿನ ಬಗ್ಗೆ ನಾನು ಏನನ್ನು ಹೇಳಲು ಹೊರಟಿದ್ದೇನೆ? ಮಗು ಏನು ಮಾಡಿದರೆ ಅದಕ್ಕೆ ಸಾಕ್ಷಿ ಸಿಕ್ಕಿತು ಅಂತ ಒಪ್ಪುತ್ತೇನೆ? ಆ ಕೆಲಸ ಮಾಡಲೇಬೇಕಾದ ಸಂದರ್ಭವನ್ನು ಹೇಗೆ ಕಟ್ಟಲಿ? ನಾನು ಮಾಡಿದ್ದು ಉಲ್ಟಾ. ಮೊದಲು ಆಟ ಕಟ್ಟಿದೆ, ಆಮೇಲೆ ಅಂಕ ಬಂತು, ಆಮೇಲೆ ಅಂಕಕ್ಕೆ 'ಓದು' ಅಂತ ಹೆಸರಿಟ್ಟೆ.

ಫ್ಲಾರಿಡಾ ಸ್ಟೇಟ್ ವಿಶ್ವವಿದ್ಯಾಲಯದ ವ್ಯಾಲೆರಿ ಶೂಟ್ ಇದೇ ದಾರಿಯಲ್ಲಿ ಹೋಗಿ 'ಫಿಸಿಕ್ಸ್ ಪ್ಲೇಗ್ರೌಂಡ್' ಅನ್ನುವ ಆಟ ಮಾಡಿದರು. ಪರದೆ ಮೇಲೆ ಒಂದು ಹಸಿರು ಚೆಂಡು, ಒಂದು ಕೆಂಪು ಬಲೂನು. ಚೆಂಡು ಬಲೂನಿಗೆ ಮುಟ್ಟಬೇಕು. ಅದಕ್ಕೆ ಇಳಿಜಾರು, ಸನ್ನೆ, ಲೋಲಕ ಏನು ಬೇಕೋ ಅದನ್ನು ಮಗುವೇ ಮೌಸ್‌ನಲ್ಲಿ ಬರೆಯಬೇಕು. ನಾಲ್ಕು ಆಯ್ಕೆ ಇಲ್ಲ, ಊಹೆಗೆ ಜಾಗ ತೀರಾ ಕಡಿಮೆ. ಸನ್ನೆ ಹೇಗೆ ಕೆಲಸ ಮಾಡುತ್ತೆ ಅಂತ ಅಂದಾಜಿಲ್ಲದೆ ಸನ್ನೆಯ ಮಟ್ಟ ದಾಟೋದು ಕಷ್ಟ. ಮಗು ಆಡ್ತಾ ಇರುತ್ತೆ, ಹಿಂದೆ ಸದ್ದಿಲ್ಲದೆ ಸಾಕ್ಷಿ ಸಂಗ್ರಹ ಆಗ್ತಾ ಇರುತ್ತೆ.

ನಾಗ್ಪುರದಲ್ಲಿ ಕೂತು ಇದನ್ನು ಹೇಳುವಾಗ ಚೆಸ್ ನೆನಪಾಗದೇ ಇರಲ್ಲ. ನಮ್ಮ ಊರಿನ ದಿವ್ಯಾ ದೇಶಮುಖ್ 2025ರ ಜುಲೈನಲ್ಲಿ ಜಾರ್ಜಿಯಾದ ಬಟೂಮಿಯಲ್ಲಿ ಮಹಿಳಾ ವಿಶ್ವಕಪ್ ಗೆದ್ದು ಗ್ರ್ಯಾಂಡ್‌ಮಾಸ್ಟರ್ ಆದಳು, ಆಗ ಅವಳಿಗೆ 19 ವರ್ಷ. ಆಮೇಲೆ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಚೆಸ್ ಬೋರ್ಡ್ ಇಲ್ಲದ ಮನೆ ಹುಡುಕಬೇಕು. ಚೆಸ್‌ನಲ್ಲಿ ರೇಟಿಂಗ್ ಅಂತ ಒಂದು ಸಂಖ್ಯೆ ಇದೆ. ಆರ್ಪಾಡ್ ಈಲೋ ಅನ್ನುವ ಭೌತಶಾಸ್ತ್ರದ ಮೇಷ್ಟ್ರು ಮಾಡಿದ ಸೂತ್ರ, ವಿಶ್ವ ಚೆಸ್ ಸಂಸ್ಥೆ 1970ರಿಂದ ಬಳಸ್ತಿದೆ. ಒಳ್ಳೆಯ ಅಳತೆ. ಆದರೆ ಕೋಚ್ ರೇಟಿಂಗ್ ನೋಡಿ ಪಾಠ ಮಾಡಲ್ಲ. ಪ್ರತಿ ನಡೆಯನ್ನೂ ಬರೆದಿಟ್ಟ ಹಾಳೆ ಇರುತ್ತಲ್ಲ, ಅದನ್ನು ಮುಂದಿಟ್ಟುಕೊಂಡು ಎಲ್ಲಿ ತಪ್ಪಿದೆ ಅಂತ ನೋಡ್ತಾರೆ. ಸಂಖ್ಯೆ ಹೇಳೋದು 'ಎಷ್ಟು' ಅಂತ. ನಡೆಗಳು ಹೇಳೋದು 'ಏನು ಬರಲ್ಲ' ಅಂತ. ಕಲಿಸುವವರಿಗೆ ಬೇಕಾಗಿರೋದು ಎರಡನೇದು.

ಹುಣಸೆ ಬೀಜ ಮತ್ತು ಒಂದು ನೋಟ್‌ಬುಕ್

ದಸರಾ ರಜೆಗೆ ಅಮ್ಮ ನಾಗ್ಪುರಕ್ಕೆ ಬಂದರು. ಎಲ್ಲ ಹೇಳಿಕೊಂಡೆ. ಆಟ ತೋರಿಸು ಅಂದರು, ತೋರಿಸಿದೆ. ಸ್ವಲ್ಪ ಹೊತ್ತು ನೋಡಿ, "ಇದ್ರಲ್ಲಿ ಮಕ್ಕಳು ಎಲ್ಲೋ ಓದ್ತಾರೆ? ನೀನು ಗೆದ್ದೋರನ್ನ ನೋಡ್ತಾ ಕೂತಿದ್ದೀಯ. ಸೋತೋರು ಹೇಗೆ ಸೋತ್ರು ಅಂತ ನೋಡ್ಬೇಕು ಕಣೋ" ಅಂದರು.

ಅಮ್ಮ ಹೀಗೆ ಹೇಳೋದಕ್ಕೆ ಕಾರಣ ಇದೆ. ಅವರು ವರ್ಷಗಟ್ಟಲೆ ನಲಿ-ಕಲಿ ತರಗತಿ ನಡೆಸಿದವರು. ನಲಿ-ಕಲಿ ಶುರುವಾಗಿದ್ದು 1995ರಲ್ಲಿ, ನಮ್ಮ ಪಕ್ಕದ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ. ಆಂಧ್ರದ ರಿಷಿ ವ್ಯಾಲಿಯ ಹಳ್ಳಿ ಶಾಲೆಗಳಿಂದ ಸ್ಫೂರ್ತಿ ಪಡೆದು, ಯುನಿಸೆಫ್ ನೆರವಿನಿಂದ ಮಾಡಿದ ಪ್ರಯೋಗ. 2009-10ರಲ್ಲಿ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆ ಬಂತು. ಅಲ್ಲಿ ಗೋಡೆ ಮೇಲೆ ಕಲಿಕಾ ಏಣಿ ಇರುತ್ತೆ, ಏಣಿಯಲ್ಲಿ ಮೈಲಿಗಲ್ಲುಗಳು. ಪ್ರತಿ ಮೆಟ್ಟಿಲಿಗೆ ಒಂದು ಕಾರ್ಡು: ಹಾಡು, ಕಥೆ, ಆಟ, ಅಭ್ಯಾಸ. ಮೌಲ್ಯಮಾಪನವೂ ಏಣಿಯಲ್ಲೇ ಒಂದು ಮೆಟ್ಟಿಲು, ಅದಕ್ಕೆ ಬೇರೆ ಪರೀಕ್ಷೆಯ ದಿನ ಇಲ್ಲ. ಮಕ್ಕಳು ಐದು ತಟ್ಟೆಗಳಲ್ಲಿ ಕೂರ್ತಾರೆ. ಟೀಚರ್ ಸಹಾಯ ಪೂರ್ತಿ ಬೇಕಾದವರು ಒಂದು ತಟ್ಟೆ, ಅರ್ಧ ಬೇಕಾದವರು ಇನ್ನೊಂದು, ಗೆಳೆಯರ ಜೊತೆ ಕಲಿಯುವವರಿಗೆ ಎರಡು, ತಾನೇ ಕಲಿಯುವವರದು ಐದನೇದು. ಮಗು ಎಲ್ಲಿದೆ ಅಂತ ತಿಳಿಯೋದು ಮುಂದೆ ಯಾವ ಕಾರ್ಡು ಕೊಡಬೇಕು ಅಂತ ಗೊತ್ತಾಗೋಕೆ. ರ್‍ಯಾಂಕ್ ಕೊಡೋಕೆ ಅಲ್ಲ.

ಇದೇ ಮಾತನ್ನು 2022ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು 3ರಿಂದ 8 ವರ್ಷದ ಮಕ್ಕಳ ವಿಷಯದಲ್ಲಿ ಹೇಳುತ್ತೆ. ಆ ವಯಸ್ಸಿಗೆ ಪರೀಕ್ಷೆ ಬೇಡ, ಆಟ ಆಡುವಾಗ, ಕೆಲಸ ಮಾಡುವಾಗ ಗಮನಿಸಿ ತಿಳಿದುಕೊಳ್ಳಿ ಅಂತ.

ಮುಂದಿನ ಭಾನುವಾರ ಅಮ್ಮ ಟಿವಿ ಹಾಕೋಕೆ ಬಿಡಲಿಲ್ಲ. ನೆಲದ ಮೇಲೆ ಸೀಮೆಸುಣ್ಣದಲ್ಲಿ ಐದೈದು ಮನೆಯ ಚೌಕಾಬಾರ ಬರೆದರು. ಕವಡೆ ಎಲ್ಲಿ ತರೋದು? ನಾಲ್ಕು ಹುಣಸೆ ಬೀಜ ಒಂದು ಕಡೆ ಉಜ್ಜಿ ಬಿಳಿ ಮಾಡಿದರು. ನಾಲ್ಕೂ ಬಿಳಿ ಬಿದ್ದರೆ ಚೌಕ, ನಾಲ್ಕು ಮನೆ. ನಾಲ್ಕೂ ಕಪ್ಪು ಬಿದ್ದರೆ ಬಾರ, ಎಂಟು ಮನೆ. ಇಷ್ಟು ನಮಗೆಲ್ಲ ಗೊತ್ತಿರೋದೇ. ಅಮ್ಮ ಸೇರಿಸಿದ್ದು ಒಂದೇ ನಿಯಮ: ಬೀಜ ಹಾಕಿದ ಮೇಲೆ ಡಬ್ಬಿಯಿಂದ ಒಂದು ಚೀಟಿ ತೆಗೆದು ಗಟ್ಟಿಯಾಗಿ ಓದಬೇಕು, ಅದರಲ್ಲಿ ಇದ್ದ ಹಾಗೆ ಮಾಡಬೇಕು.

ಚೀಟಿಗಳಲ್ಲಿ ಇದ್ದದ್ದು ಹೀಗೆ: "ಒಂದು ಮನೆ ಕೂಡು." "ಪಕ್ಕದವರಿಗೆ ಒಂದು ಮನೆ ಕೊಡು." "ಎರಡು ಹೆಜ್ಜೆ ಹಿಂದೆ." "ಎದ್ದು ನಿಂತು ಆಡು." "ಒತ್ತಿ ಕೂರು, ಒಂದು ಸರದಿ ಬಿಡು."

ನೋಡಿ ಇಲ್ಲಿ. 'ಕೊಡು' ಮತ್ತು 'ಕೂಡು'. ಮೊದಲ ಅಕ್ಷರ ನೋಡಿ ಊಹಿಸಿದರೆ ಸಿಕ್ಕಿಬೀಳ್ತೀರ, ಏಕೆಂದರೆ ಕಾಯಿ ತಪ್ಪು ಕಡೆ ಹೋಗುತ್ತೆ, ಎದುರಾಳಿ ಕೂಡಲೇ ಚೀಟಿ ಕಿತ್ತುಕೊಂಡು ನೋಡ್ತಾನೆ. ಓದದೆ ನಡೆಯೋ ಹಾಗೇ ಇಲ್ಲ. ಮಿಸ್ಲೆವಿ ಕೇಳುವ ಮೂರನೇ ಪ್ರಶ್ನೆಗೆ ಹುಣಸೂರಿನ ಉತ್ತರ ಇದು. ಅವಸರವೂ ಇಲ್ಲ. ಒಬ್ಬರು ಓದುವ ತನಕ ಉಳಿದವರು ಕಾಯಲೇಬೇಕು. ಗೆಲ್ಲೋದು ಸೋಲೋದು ಬೀಜದ ಕೈಯಲ್ಲಿ, ಹಾಗಾಗಿ ಸೋತವನಿಗೆ 'ನನಗೆ ಓದೋಕೆ ಬರಲ್ಲ' ಅನ್ನುವ ಅವಮಾನ ಇಲ್ಲ. ಇದು ನನಗೆ ಬಹಳ ಆಮೇಲೆ ಹೊಳೆಯಿತು: ಅಳೆಯುವ ಭಾಗ ಮತ್ತು ಗೆಲ್ಲುವ ಭಾಗವನ್ನು ಅಮ್ಮ ಬೇರೆ ಬೇರೆ ಇಟ್ಟಿದ್ದರು.

ವಿಜಯಪುರದ ಹುಡುಗನ ಮನೆಗೆ ಹಿಂದಿನ ದಿನವೇ ಅಮ್ಮ ಹೋಗಿದ್ದರು. ಬೀಜ ಉಜ್ಜೋಕೆ ಸಹಾಯ ಬೇಕು ಅಂತ ಕರೆದು ಬಂದಿದ್ದರು. ಅವನು ಬಂದ. ಚೀಟಿ ತೆಗೆದ. ನಿಧಾನವಾಗಿ, ಒಂದೊಂದೇ ಅಕ್ಷರ ಬೆರಳಲ್ಲಿ ತೋರಿಸುತ್ತಾ ಓದಿದ. ಸರಿಯಾಗಿತ್ತು. ಮುಂದಿನದೂ ಸರಿಯಾಗಿತ್ತು. ಅರ್ಧ ಗಂಟೆ ಆಗುವಷ್ಟರಲ್ಲಿ ಯಾರಿಗಾದ್ರೂ ಚೀಟಿ ಓದೋಕೆ ಬರದಿದ್ರೆ ಅವನ ಕಡೆ ಚಾಚೋಕೆ ಶುರು ಮಾಡಿದರು.

ಅಮ್ಮನ ಕೈಯಲ್ಲಿ ಒಂದು ಚಿಕ್ಕ ನೋಟ್‌ಬುಕ್. ಆಟ ಮುಗಿದ ಮೇಲೆ ನೋಡಿದೆ. ಮಗುವಿಗೆ ಒಂದೊಂದು ಸಾಲು. ನನ್ನ ಮಗಳ ಮುಂದೆ: "ಮೊದಲಕ್ಷರ ನೋಡಿ ಊಹೆ. ಎ-ಏ, ಒ-ಓ ಗೊತ್ತಿಲ್ಲ." ಆ ಹುಡುಗನ ಮುಂದೆ: "ಪೂರ್ತಿ ಓದ್ತಾನೆ. ಒತ್ತಕ್ಷರದಲ್ಲಿ ನಿಲ್ತಾನೆ, ಬಿಡಲ್ಲ. ವೇಗ ತಾನಾಗಿ ಬರುತ್ತೆ." ನನ್ನ ಡ್ಯಾಶ್‌ಬೋರ್ಡ್ 90 ಮತ್ತು 65 ಅಂತ ತೋರಿಸಿದ್ದ ಅದೇ ಇಬ್ಬರು ಮಕ್ಕಳು.

ನಮ್ಮ ಮಕ್ಕಳ ತಪ್ಪಿಗೆ ಒಂದು ನಕ್ಷೆ ಇದೆ

ಅಮ್ಮನ ನೋಟ್‌ಬುಕ್ಕಿನಲ್ಲಿ ಒಂದು ವಿಷಯ ಮತ್ತೆ ಮತ್ತೆ ಬಂದಿತ್ತು: ಎ-ಏ, ಒ-ಓ. 14 ಮಕ್ಕಳಲ್ಲಿ 10 ಮಕ್ಕಳಿಗೆ. ಏಕೆ ಅಂತ ಯೋಚಿಸಿದೆ. ಹಿಂದಿ-ಮರಾಠಿ ಬರೆಯುವಾಗ ದೇವನಾಗರಿಯಲ್ಲಿ ಹ್ರಸ್ವ 'ಎ', ಹ್ರಸ್ವ 'ಒ' ಬೇರೆಯಾಗಿ ಇಲ್ಲವೇ ಇಲ್ಲ. ನಮ್ಮ ಮಕ್ಕಳು ದೇವನಾಗರಿ ಮೂಲಕವೇ ಕನ್ನಡ ಅಕ್ಷರ ನೆನಪಿಟ್ಟುಕೊಳ್ತಾರೆ. ಹಾಗಾಗಿ 'ಕೆರೆ'ಯೂ 'ಕೇರೆ'ಯೂ ಅವರಿಗೆ ಒಂದೇ. ಎರಡನೇದು ಒತ್ತಕ್ಷರ. ಅಲ್ಲಿ ಸಾಮಾನ್ಯವಾಗಿ ಮೊದಲ ಅಕ್ಷರವನ್ನು ಅರ್ಧ ಮಾಡಿ ಪಕ್ಕದಲ್ಲಿ ಬರೀತಾರೆ, ನಮ್ಮಲ್ಲಿ ಎರಡನೇ ಅಕ್ಷರ ಕೆಳಗೆ ಇಳಿಯುತ್ತೆ. ಓದುವ ಕಣ್ಣಿಗೆ ದಾರಿಯೇ ಬೇರೆ.

ಅಂದ್ರೆ ಹೊರನಾಡಿನ ಮಕ್ಕಳು ಎಲ್ಲೆಲ್ಲಿ ಎಡವುತ್ತಾರೆ ಅಂತ ಮೊದಲೇ ಊಹಿಸಬಹುದು. ಅದನ್ನು ಆಟದಲ್ಲಿ ಇಡಬಹುದು. ನನ್ನ ಕ್ವಿಜ್‌ನ ಆಯ್ಕೆಗಳನ್ನು ಬದಲಾಯಿಸಿದೆ. ಮರದ ಚಿತ್ರಕ್ಕೆ ಈಗ: ಮರ, ಮರಿ, ಮರೆ, ಮಾರ. ಕೊಡೆಯ ಚಿತ್ರಕ್ಕೆ: ಕೊಡೆ, ಕೋಡೆ, ಕೊಡ, ಕೂಡೆ. ಯಾವ ತಪ್ಪು ಒತ್ತಿದಳು ಅಂತ ನೋಡಿದ್ರೆ ಏನು ಗೊತ್ತಿಲ್ಲ ಅಂತ ತಿಳಿಯುತ್ತೆ. ಮಗಳ ಅಂಕ 18ರಿಂದ 9ಕ್ಕೆ ಇಳೀತು. "ಆಟ ಹಾಳು ಮಾಡಿಬಿಟ್ರಿ ಅಪ್ಪ" ಅಂತ ಮುನಿಸಿಕೊಂಡಳು.

ಅಂಕದ ಸೂತ್ರವನ್ನೂ ಬದಲಾಯಿಸಿದೆ. ಆಮ್‌ಸ್ಟರ್ಡ್ಯಾಮ್ ವಿಶ್ವವಿದ್ಯಾಲಯದ ಸಂಶೋಧಕರು ಡಚ್ ಮಕ್ಕಳಿಗಾಗಿ ಮಾಡಿದ ಲೆಕ್ಕದ ಆಟದಲ್ಲಿ ಒಂದು ಚಂದದ ನಿಯಮ ಇದೆ. ಸರಿಯಾದರೆ ಉಳಿದ ಸೆಕೆಂಡಿನಷ್ಟು ನಾಣ್ಯ ಬರುತ್ತೆ, ತಪ್ಪಾದರೆ ಉಳಿದ ಸೆಕೆಂಡಿನಷ್ಟೇ ನಾಣ್ಯ ಹೋಗುತ್ತೆ. 'ಗೊತ್ತಿಲ್ಲ' ಅಂತ ಒತ್ತಿದರೆ ಏನೂ ಹೋಗಲ್ಲ. ಈಗ ಅದೇ ಲೆಕ್ಕ ಹಾಕಿ. 20 ಸೆಕೆಂಡ್ ಇರುವಾಗ ಕಣ್ಣುಮುಚ್ಚಿ ಒತ್ತಿದರೆ ಕಾಲು ಭಾಗ +20, ಮುಕ್ಕಾಲು ಭಾಗ -20. ಸರಾಸರಿ -10. ನಿಧಾನವಾಗಿ ಓದಿದವನಿಗೆ +4. ಒಂದು ಸಾಲು ಕೋಡ್ ಬದಲಾಯಿಸಿದ್ದಕ್ಕೆ ಆಟದ ನೀತಿಯೇ ಬದಲಾಯಿತು. ಆದರೂ ಚಿಕ್ಕ ಮಕ್ಕಳಿಗೆ ಟೈಮರ್ ಪೂರ್ತಿ ತೆಗೆದುಬಿಡುವುದೇ ಒಳ್ಳೆಯದು ಅಂತ ನನಗೆ ಈಗ ಅನ್ನಿಸುತ್ತೆ, ತೆಗೆದಿದ್ದೀನಿ ಕೂಡ.

ಆಟದ ಹೊರಗೆ ಒಂದು ಸಲ

ಇಷ್ಟಾದರೂ ಒಂದು ಎಚ್ಚರಿಕೆ. 2017ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ದೆಹಲಿಯ ಒಂದು ಅಧ್ಯಯನ ಬಂತು. ಎಲಿಜಬೆತ್ ಸ್ಪೆಲ್ಕಿ, ಎಸ್ತರ್ ಡುಫ್ಲೋ ಮತ್ತಿತರರದು. 214 ಶಿಶುಶಾಲೆಗಳು, ಸುಮಾರು 1,500 ಮಕ್ಕಳು. ಚುಕ್ಕಿಗಳ ಗುಂಪಿನಲ್ಲಿ ಯಾವುದು ಹೆಚ್ಚು, ಯಾವ ಆಕಾರ ಬೇರೆ, ಇಂಥ ಆಟಗಳನ್ನು ಕೆಲವು ತಿಂಗಳು ಆಡಿಸಿದರು. ಆ ಕೌಶಲಗಳು ಚೆನ್ನಾಗಿ ಬೆಳೆದವು, ಒಂದು ವರ್ಷದ ಮೇಲೂ ಉಳಿದವು. ಆದರೆ ಶಾಲೆಗೆ ಸೇರಿದ ಮೇಲೆ ಅಂಕಿ ಬರೆದು ಮಾಡುವ ಲೆಕ್ಕದಲ್ಲಿ ಆ ಮಕ್ಕಳು ಉಳಿದವರಿಗಿಂತ ಮುಂದೆ ಇರಲಿಲ್ಲ. ಆಟದಲ್ಲಿ ಬಂದದ್ದು ಆಟದ ಹೊರಗೆ ತಾನಾಗಿ ಬರಲ್ಲ.

ಇದರ ಉಲ್ಟಾ ಕೂಡ ಇದೆ. 2025ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಅಭಿಜಿತ್ ಬ್ಯಾನರ್ಜಿ, ಡುಫ್ಲೋ ಮತ್ತು ಸಂಗಡಿಗರು ಕೋಲ್ಕತ್ತ ಮತ್ತು ದೆಹಲಿಯ ಸಂತೆಗಳಲ್ಲಿ ಕೆಲಸ ಮಾಡುವ ಮಕ್ಕಳ ಬಗ್ಗೆ ಬರೆದರು. ತೂಕ, ದರ, ಚಿಲ್ಲರೆ ಎಲ್ಲ ಬಾಯಲ್ಲೇ ಸರಿಯಾಗಿ ಹೇಳುವ ಮಕ್ಕಳು ಶಾಲೆಯ ಮಾದರಿಯ ಲೆಕ್ಕ ಕೊಟ್ಟಾಗ ಎಡವಿದರು. ಶಾಲೆಯ ಮಕ್ಕಳು ಸಂತೆಯ ಲೆಕ್ಕದಲ್ಲಿ ಎಡವಿದರು. ಅಂದ್ರೆ ಯಾವ ಒಂದೇ ಅಳತೆಯನ್ನು ನಂಬಿದರೂ ಯಾವುದೋ ಮಗುವಿಗೆ ಅನ್ಯಾಯ ಆಗುತ್ತೆ.

ಹಾಗಾಗಿ ನನ್ನ ಇವತ್ತಿನ ಮಾತಿನ ಸಾರ ಇಷ್ಟು. ಆಟ ಆಡಿಸಿ ಅಳೆಯಿರಿ. ಆದರೆ ಗೆಲ್ಲುವ ದಾರಿ ಕಲಿಕೆಯನ್ನು ದಾಟಿಕೊಂಡೇ ಹೋಗಬೇಕು, ಪಕ್ಕದಿಂದ ಹೋಗಬಾರದು. ಅಂಕ ಬೇಡ, ನಡೆಗಳನ್ನು ಬರೆದಿಡಿ. ಉತ್ತರ ಕೊಡದಿದ್ದದ್ದನ್ನು ತಪ್ಪು ಅಂತ ಬರೀಬೇಡಿ. ಪಟ್ಟಿಯನ್ನು ಗೋಡೆ ಮೇಲೆ, ಪರದೆ ಮೇಲೆ ಹಾಕಬೇಡಿ. ಆಟ ಹೇಳಿದ್ದು ನಿಜವಾ ಅಂತ ಆಟದ ಹೊರಗೆ ಒಂದು ಸಲ ನೋಡಿ: ಒಂದು ಕಾಗದ, ಒಂದು ಅಂಗಡಿ ಬೋರ್ಡು, ಊರಿಗೆ ಹೋದಾಗ ಒಂದು ಬಸ್ಸಿನ ಹಲಗೆ.

ನಲವತ್ತು ಮಕ್ಕಳಿರುವ ಶಾಲೆಯಲ್ಲಿ ಒಬ್ಬ ಟೀಚರ್ ನೋಟ್‌ಬುಕ್ ಹಿಡಿದು ಎಲ್ಲರನ್ನೂ ಗಮನಿಸೋಕೆ ಆಗಲ್ಲ ಅಂತ ನೀವು ಕೇಳಬಹುದು. ನಿಜ. ಅಲ್ಲಿ ನಮ್ಮ ತಂತ್ರಜ್ಞಾನ ಕೆಲಸಕ್ಕೆ ಬರುತ್ತೆ. ಪ್ಲಿಕರ್ಸ್ ಅಂತ ಒಂದಿದೆ. ಪ್ರತಿ ಮಗುವಿನ ಕೈಯಲ್ಲಿ ಒಂದು ಮುದ್ರಿಸಿದ ಕಾರ್ಡು, ಯಾವ ಬದಿ ಮೇಲೆ ಹಿಡಿಯುತ್ತೋ ಅದು ಉತ್ತರ. ಟೀಚರ್ ಒಂದೇ ಫೋನಿನಲ್ಲಿ ಎಲ್ಲ ಕಾರ್ಡುಗಳನ್ನೂ ಓದಿಕೊಳ್ತಾರೆ. ಮಕ್ಕಳ ಕೈಗೆ ಫೋನು ಬೇಕಾಗಿಲ್ಲ, ಓಡುವ ಅವಸರ ಇಲ್ಲ, ಪಕ್ಕದವನ ಉತ್ತರ ಸುಲಭವಾಗಿ ಗೊತ್ತಾಗಲ್ಲ. ಯಾವ ಹತ್ತು ಮಕ್ಕಳ ಪಕ್ಕ ಹೋಗಿ ಕೂರಬೇಕು ಅಂತ ಫೋನ್ ಹೇಳಲಿ. ಕೂತು ಕೇಳುವ ಕೆಲಸ ಮನುಷ್ಯರದ್ದೇ.

ಕೊನೆಗೆ, ಅಜ್ಜಿಯ ಎರಡನೇ ಕಾಗದ ಕಳೆದ ತಿಂಗಳು ಬಂತು. ಮರಿಗಳಲ್ಲಿ ಒಂದನ್ನು ಪಕ್ಕದ ಮನೆಯವರು ತೆಗೆದುಕೊಂಡು ಹೋದರು ಅಂತ ಬರೆದಿದ್ದರು. ಮಗಳು ಓದಿದಳು. ಆರು ನಿಮಿಷ ಹಿಡಿಯಿತು. 'ಕೊಂಡು' ಅನ್ನೋದನ್ನ ಮೊದಲು 'ಕೋಂಡು' ಅಂದಳು, ನಿಂತಳು, ಹಿಂದೆ ಹೋಗಿ ತಾನೇ ಸರಿ ಮಾಡಿಕೊಂಡಳು. ನಾನು ಬಾಯಿ ಮುಚ್ಚಿಕೊಂಡು ಕೂತಿದ್ದೆ. ಓದಿ ಮುಗಿಸಿ, "ಯಾವ ಬಣ್ಣದ ಮರಿ ಕೊಟ್ರಂತೆ? ಅಜ್ಜಿ ಅದನ್ನೇ ಬರೆದಿಲ್ಲ" ಅಂತ ಬೇಜಾರು ಮಾಡಿಕೊಂಡಳು. ಓದೋಕೆ ಬರುತ್ತೆ ಅನ್ನೋದಕ್ಕೆ ಅದಕ್ಕಿಂತ ಬೇರೆ ಸಾಕ್ಷಿ ನನಗೆ ಬೇಕಿರಲಿಲ್ಲ.

ಆ ಹುಡುಗ ಈಗ ಪ್ರತಿ ಭಾನುವಾರ ಬರ್ತಾನೆ. ಆದರೆ ನಾನು ಏನಾದ್ರೂ ತೋರಿಸೋಕೆ ಟಿವಿ ಆನ್ ಮಾಡಿದರೆ, ಇವತ್ತಿಗೂ ಒಂದು ಸಲ ನನ್ನ ಮುಖ ನೋಡ್ತಾನೆ. ಆ ನೋಟ ಹೋಗೋಕೆ ಇನ್ನೂ ಸ್ವಲ್ಪ ದಿನ ಬೇಕು.

ನಿಮ್ಮ ಊರಿನಲ್ಲಿ, ನಿಮ್ಮ ದೇಶದಲ್ಲಿ ಕನ್ನಡ ಕ್ಲಾಸು ನಡೆಸ್ತಿದ್ದರೆ ಈ ಭಾನುವಾರ ಒಂದು ಚೌಕಾಬಾರ ಬರೆಯಿರಿ, ಇಪ್ಪತ್ತು ಚೀಟಿ ಮಾಡಿ. ಹುಣಸೆ ಬೀಜ ಸಿಗದಿದ್ದರೆ ಬಟನ್ ಆದರೂ ನಡೆಯುತ್ತೆ. ಪಕ್ಕದಲ್ಲಿ ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ಏನು ಗೊತ್ತಾಯ್ತು ಅಂತ ನಮಗೂ ತಿಳಿಸಿ.